ಬೇರಿನಿಂದ ಕ್ಯಾನ್ಸರ್ ಔಷಧಿ: ನಡುವೆ ಎಷ್ಟು ಮೆಟ್ಟಿಲು?

"ಈ ಬೇರಿನ ಕಷಾಯ ಕುಡಿದ್ರೆ ಕ್ಯಾನ್ಸರ್ ಮಾಯ" ಅಂತ ಮೆಸೇಜ್ ನಮ್ಮೆಲ್ಲರ ಮೊಬೈಲಿಗೂ ಬಂದಿರ್ತದೆ. ಬೇರಿನಿಂದ ಔಷಧಿ ಬಂದದ್ದು ಸುಳ್ಳಲ್ಲ. ಆದರೆ ಹೇಗೆ ಬಂತು ಎಂಬುದನ್ನು ಯುವಕರು ತಿಳಿದಿರಬೇಕು.

ಪೊಡೊಫಿಲಮ್ ಎಂಬ ಗಿಡವನ್ನೇ ನೋಡಿ. ಇದರ ಬೇರು ಮತ್ತು ನೆಲದೊಳಗಿನ ಕಾಂಡದಲ್ಲಿರುವ ರಾಳದಿಂದ 1880ರಲ್ಲಿ ಪೊಡೊಫಿಲೊಟಾಕ್ಸಿನ್ ಎಂಬ ವಸ್ತುವನ್ನು ಬೇರ್ಪಡಿಸಲಾಯಿತು.

ಬೇರ್ಪಡಿಸುವುದು ಹೇಗೆ?
ಬೇರನ್ನು ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಂಥ ದ್ರಾವಕದಲ್ಲಿ ನೆನೆಸುತ್ತಾರೆ. ಸೋಸಿದ ರಸದಲ್ಲಿ ಹತ್ತಾರು ವಸ್ತುಗಳು ಕಲಸಿಕೊಂಡಿರುತ್ತವೆ. ಅದನ್ನು ಸಿಲಿಕಾ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಸಿದರೆ ಒಂದೊಂದು ವಸ್ತು ಒಂದೊಂದು ವೇಗದಲ್ಲಿ ಕೆಳಗೆ ಬರ್ತದೆ. ಆಮೇಲೆ ಯಂತ್ರಗಳ ಸಹಾಯದಿಂದ ಅದರ ರಚನೆ ಗುರುತಿಸುತ್ತಾರೆ.

ಪರೀಕ್ಷೆ
ಲ್ಯಾಬ್‌ನಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳಿಗೆ ಈ ವಸ್ತುವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕುತ್ತಾರೆ. ಎಂಟಿಟಿ ಎಂಬ ಹಳದಿ ಬಣ್ಣವನ್ನು ಬದುಕಿರುವ ಜೀವಕೋಶ ನೇರಳೆ ಮಾಡ್ತದೆ. ನೇರಳೆ ಕಡಿಮೆಯಾದರೆ ಬದುಕಿದ ಜೀವಕೋಶವೂ ಕಡಿಮೆ. ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸುವ ಪ್ರಮಾಣಕ್ಕೆ ಐಸಿ50 ಎನ್ನುತ್ತಾರೆ. ಅದು ಕಡಿಮೆಯಿದ್ದಷ್ಟೂ ವಸ್ತುವಿನ ಶಕ್ತಿ ಜಾಸ್ತಿ.

ಇಲ್ಲೇ ನಾವು ಮೋಸ ಹೋಗುವುದು. ಬ್ಲೀಚಿಂಗ್ ಪೌಡರ್ ಹಾಕಿದ್ರೂ ಜೀವಕೋಶ ಸಾಯ್ತದೆ, ಹಾಗಂತ ಅದು ಔಷಧಿಯಾ? ಆರೋಗ್ಯವಂತ ಜೀವಕೋಶಕ್ಕೆ ಏನಾಗ್ತದೆ ಎಂದೂ ನೋಡಬೇಕು. ನಂತರ ಪ್ರಾಣಿಗಳ ಮೇಲೆ, ಕೊನೆಗೆ ಹಂತ ಹಂತವಾಗಿ ಮನುಷ್ಯರ ಮೇಲೆ ಪರೀಕ್ಷೆ.

ಪೊಡೊಫಿಲೊಟಾಕ್ಸಿನ್ ಜೀವಕೋಶ ಇಬ್ಭಾಗವಾಗುವುದನ್ನು ತಡೆಯಿತು. ಆದರೆ ದೇಹದೊಳಗೆ ಕೊಡಲಾಗದಷ್ಟು ವಿಷ. 1960ರ ದಶಕದಲ್ಲಿ ಸ್ವಿಟ್ಜರ್‌ಲ್ಯಾಂಡಿನ ಸ್ಯಾಂಡೋಜ್ ಕಂಪೆನಿಯ ವಿಜ್ಞಾನಿಗಳು ಅದರ ರಚನೆ ಬದಲಿಸಿ ಎಟೊಪೊಸೈಡ್ ತಯಾರಿಸಿದರು. ಇದು ಕೆಲಸ ಮಾಡುವ ದಾರಿಯೇ ಬೇರೆ: ಡಿಎನ್‌ಎ ಸಿಕ್ಕು ಬಿಡಿಸುವ ಕಿಣ್ವವನ್ನು ತಡೆಯುತ್ತದೆ. 1983ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇಂದಿಗೂ ವೃಷಣ ಮತ್ತು ಶ್ವಾಸಕೋಶದ ಕೆಲವು ಕ್ಯಾನ್ಸರ್‌ಗಳಿಗೆ ವೈದ್ಯರು ಕೊಡುತ್ತಾರೆ. ಕೂದಲು ಉದುರುವುದು, ರಕ್ತಕಣ ಕಡಿಮೆಯಾಗುವುದು ಮುಂತಾದ ಅಡ್ಡ ಪರಿಣಾಮಗಳೂ ಇವೆ.

ಲೆಕ್ಕ ಹಾಕಿ: 1880ರಿಂದ 1983, ಅಂದರೆ 103 ವರ್ಷ. ಆ ಬೇರನ್ನೇ ಕುದಿಸಿ ಕುಡಿದಿದ್ದರೆ ಸಿಗ್ತಿದ್ದದ್ದು ಔಷಧಿಯಲ್ಲ, ವಿಷ.

ಹಾಗಾಗಿ "ಲ್ಯಾಬ್‌ನಲ್ಲಿ ಸಾಬೀತಾಗಿದೆ" ಎಂದು ಯಾರಾದರೂ ಬೇರಿನ ಪುಡಿ ಮಾರಲು ಬಂದರೆ ಒಂದೇ ಪ್ರಶ್ನೆ ಕೇಳಿ: ಗಾಜಿನ ತಟ್ಟೆಯಲ್ಲೋ, ಮನುಷ್ಯರಲ್ಲೋ? ಮನೆಯಲ್ಲಿ ಯಾರಿಗಾದರೂ ಗಡ್ಡೆ ಕಂಡರೆ ಮೊದಲು ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ. ಕಷಾಯ ಕುಡಿಯುತ್ತಾ ಕಳೆದ ತಿಂಗಳುಗಳು ವಾಪಸ್ ಬರುವುದಿಲ್ಲ.