ನೆರಳು ನೋಡಿ ಬೆಳಕನ್ನು ಅಳೆದವರು

ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ಬರಗೂರು ಆಂಧ್ರಪ್ರದೇಶದ ಗಡಿಗೆ ಸಮೀಪವಾದ ಊರು. ಗಡಿಯ ಆಚೆಗೆ, ಒಂದು ಕಾಲದಲ್ಲಿ ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ. ಈಚೆಗೆ ಮಧುಗಿರಿ, ಪಾವಗಡ, ಕೊರಟಗೆರೆಗಳ ಕಲ್ಲುಬೆಟ್ಟಗಳು. ಇದು ಮಳೆಗೆ ಬಡತನ, ಬಿಸಿಲಿಗೆ ಸಿರಿತನವಿರುವ ಸೀಮೆ. ಇಂತಹ ಬಯಲುಸೀಮೆಯ ಹಳ್ಳಿಗಳಲ್ಲಿ ಹಳೆಯ ಮನೆಗಳ ಗೋಡೆಯ ಮೇಲೆ ಇಂದಿಗೂ ಕಾಣಸಿಗುವ ಕಪ್ಪು-ಬಿಳುಪು ಭಾವಚಿತ್ರಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪಂಚೆಯ ಬಿಳುಪು ಉಳಿದಿದೆ. ಬಿಸಿಲಿನಲ್ಲಿ ದುಡಿದ ಮುಖದ ಕಪ್ಪೂ, ಆ ಮುಖದ ಗೆರೆಗಳೂ ಉಳಿದಿವೆ. ಇವುಗಳಲ್ಲಿ ಬಹುಪಾಲನ್ನು ತೆಗೆದ ಕ್ಯಾಮೆರಾಗಳಲ್ಲಿ ಬೆಳಕನ್ನು ಅಳೆಯುವ ಯಾವ ಸಾಧನವೂ ಇರಲಿಲ್ಲ. ಸೆಲ್ಲಿನ ಹಂಗಿಲ್ಲದೆ, ಹಲ್ಲುಚಕ್ರ ಮತ್ತು ಸ್ಪ್ರಿಂಗುಗಳಿಂದ ಮಾತ್ರ ನಡೆಯುತ್ತಿದ್ದ ಯಂತ್ರಗಳು ಅವು. ಹಾಗಾದರೆ ಬೆಳಕನ್ನು ಅಳೆದವರು ಯಾರು? ಈ ಪ್ರಶ್ನೆಯ ಉತ್ತರದಲ್ಲಿ ಛಾಯಾಗ್ರಹಣದ ಇತಿಹಾಸದ ಒಂದು ಮರೆತ ಪುಟವಿದೆ.

ನಮ್ಮ ನಾಡಿಗೆ ಛಾಯಾಗ್ರಹಣ ಬಂದಾಗ ಕ್ಯಾಮೆರಾಕ್ಕೆ ಶಟರು ಸಹ ಇರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಲಿನ್ನಿಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರುಗಳ ದೇವಾಲಯಗಳನ್ನು ಚಿತ್ರಿಸಿದಾಗ, ಮಸೂರದ ಮುಚ್ಚಳವನ್ನು ಕೈಯಿಂದ ತೆಗೆದು, ಬೇಕಾದಷ್ಟು ಹೊತ್ತು ಕಾದು, ಮತ್ತೆ ಮುಚ್ಚಬೇಕಾಗಿತ್ತು. ಮೇಣ ಸವರಿದ ಕಾಗದವೇ ಆಗಿನ ನೆಗೆಟಿವ್. ಮರುವರ್ಷ ಮದರಾಸಿನ ವಸ್ತುಪ್ರದರ್ಶನದಲ್ಲಿ ಜನ ಮೆಚ್ಚಿದ ಆ ಚಿತ್ರಗಳ ಹಿಂದೆ ಇದ್ದದ್ದು ಅನುಭವದಿಂದ ಪಳಗಿದ ಒಂದು ಅಂದಾಜು. ಆ ಅಂದಾಜಿನ ವಿದ್ಯೆ ದೊರೆಗಳ ಕೈಯಲ್ಲೇ ಉಳಿಯಲಿಲ್ಲ. ಕಾಲಾನಂತರದಲ್ಲಿ ಜಾತ್ರೆಗಳಲ್ಲಿ ಮರದ ಪೆಟ್ಟಿಗೆಯನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿಕೊಂಡು ಕೆಲವೇ ನಿಮಿಷಗಳಲ್ಲಿ ಫೋಟೊ ಕೊಡುತ್ತಿದ್ದವರೂ ಇದೇ ರೀತಿ ಮುಚ್ಚಳ ತೆಗೆದು ಮುಚ್ಚುವುದರಲ್ಲೇ ತಮ್ಮ ಲೆಕ್ಕವನ್ನು ಇಟ್ಟುಕೊಂಡಿದ್ದರು.

ಸುರುಳಿ ಫಿಲ್ಮಿನ ಕಾಲದಲ್ಲಿ ಈ ವಿದ್ಯೆ ಸಾಮಾನ್ಯರ ಮನೆಯನ್ನೂ ಹೊಕ್ಕಿತು. ಬರೋಡದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸುತ್ತಿದ್ದ ಆಗ್ಫಾ ಕ್ಲಿಕ್ 3 ಎಂಬ ಸರಳ ಕ್ಯಾಮೆರಾ ಬಹಳ ಕುಟುಂಬಗಳ ಮೊದಲ ಕ್ಯಾಮೆರಾ. ಅದರ ಒಂದು ರೋಲಿಗೆ 12 ಚಿತ್ರಗಳು. ಪಟ್ಟಣದ ಸ್ಟುಡಿಯೊಗಳಲ್ಲಿ ಎರಡು ಕಣ್ಣಿನ ಯಾಷಿಕಾ ಕ್ಯಾಮೆರಾಗಳು ಮನೆಮಾತಾಗಿದ್ದವು. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆಯು 'ಇಂದು' ಹೆಸರಿನ ಕಪ್ಪು-ಬಿಳುಪು ಫಿಲ್ಮನ್ನು ಊರೂರಿಗೆ ತಲುಪಿಸಿತು. ಫಿಲ್ಮಿನ ಪೆಟ್ಟಿಗೆಯೊಳಗೆ ಒಂದು ಪುಟ್ಟ ಚೀಟಿ ಇರುತ್ತಿತ್ತು. ಸೂರ್ಯ, ತೆಳು ಮೋಡ, ದಟ್ಟ ಮೋಡ, ನೆರಳು ಇವುಗಳ ಚಿತ್ರ. ಅವುಗಳ ಪಕ್ಕದಲ್ಲಿ ಒಂದೊಂದು ಸಂಖ್ಯೆ. ಮೀಟರಿಲ್ಲದವರ ಪಾಠಪುಸ್ತಕ ಇಷ್ಟೇ.

ಆ ಪಾಠದ ಸಾರ ಬಹಳ ಸುಲಭ. ಫಿಲ್ಮಿನ ವೇಗ 100 ಇದ್ದರೆ, ಶಟರನ್ನು ಸೆಕೆಂಡಿನ 125ನೆಯ ಒಂದು ಭಾಗಕ್ಕೆ ಇಡಬೇಕು; ನಿಚ್ಚಳ ಬಿಸಿಲಿದ್ದರೆ ಮಸೂರದ ರಂಧ್ರವನ್ನು ಎಫ್ 16ಕ್ಕೆ ಇಡಬೇಕು. ಬಿಸಿಲು ಎಷ್ಟೆಂದು ತಿಳಿಯಲು ಆಕಾಶವನ್ನು ನೋಡಬೇಕಾಗಿಲ್ಲ, ನೆಲವನ್ನು ನೋಡಿದರೆ ಸಾಕು. ನೆರಳಿನ ಅಂಚು ಕತ್ತರಿಸಿದಂತೆ ಇದ್ದರೆ 16. ಅಂಚು ಮೆತ್ತಗಾಗಿದ್ದರೆ 11. ನೆರಳು ಇದೆಯೋ ಇಲ್ಲವೋ ಎಂಬಂತಿದ್ದರೆ 8. ನೆರಳೇ ಬೀಳದಿದ್ದರೆ 5.6, ಹುಣಸೆಮರದ ಅಡಿಯಲ್ಲೋ ಜಗಲಿಯ ಮೇಲೋ ಕೂರಿಸಿದರೆ 4. ಒಂದೊಂದು ಮೆಟ್ಟಿಲು ಇಳಿದಂತೆ ಒಳಗೆ ಬರುವ ಬೆಳಕು ಇಮ್ಮಡಿಯಾಗುತ್ತದೆ. ಹೊಲದಲ್ಲಿ ನೆರಳು ನೋಡಿ ಹೊತ್ತು ಹೇಳುತ್ತಿದ್ದ ಜನರ ನಾಡಿನಲ್ಲಿ ಇದು ಹೊಸ ವಿದ್ಯೆಯೇನೂ ಆಗಿರಲಿಲ್ಲ.

ಇತ್ತ ಬೆಳಕನ್ನು ಅಳೆಯುವ ಯಂತ್ರವೂ ಬೆಳೆಯುತ್ತಿತ್ತು. 1932ರಲ್ಲಿ ಅಮೆರಿಕದ ವೆಸ್ಟನ್ ಸಂಸ್ಥೆ ಕೈಯಲ್ಲಿ ಹಿಡಿಯುವ ವಿದ್ಯುತ್ ಬೆಳಕುಮಾಪಕವನ್ನು ಹೊರತಂದಿತು. 1936ರ ಕಾಂಟ್ಯಾಕ್ಸ್ 3 ಕ್ಯಾಮೆರಾದ ನೆತ್ತಿಯ ಮೇಲೆಯೇ ಮೀಟರು ಕುಳಿತಿತ್ತು. ಇವು ಸೆಲೆನಿಯಂ ಎಂಬ ವಸ್ತುವಿನಿಂದ ಕೆಲಸ ಮಾಡುತ್ತಿದ್ದುದರಿಂದ ಸೆಲ್ಲು ಬೇಕಿರಲಿಲ್ಲ. ಆದರೆ ಮಂದ ಬೆಳಕಿನಲ್ಲಿ ಅವುಗಳ ಮುಳ್ಳು ಮಿಸುಕುತ್ತಿರಲಿಲ್ಲ. 1963ರಲ್ಲಿ ಟಾಪ್‌ಕಾನ್, 1964ರಲ್ಲಿ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ ಕ್ಯಾಮೆರಾಗಳು ಮಸೂರದ ಮೂಲಕವೇ ಬೆಳಕನ್ನು ಅಳೆಯುವ ವಿಧಾನವನ್ನು ತಂದವು. ಅದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಅಲ್ಲಿಂದ ಮುಂದೆ ಕ್ಯಾಮೆರಾದ ಹೊಟ್ಟೆಯೊಳಗೆ ಒಂದು ಪುಟ್ಟ ಸೆಲ್ಲು ಸೇರಿಕೊಂಡಿತು. ಕ್ರಮೇಣ ಕೆಲವು ಕ್ಯಾಮೆರಾಗಳಲ್ಲಿ ಶಟರೂ ಅದನ್ನೇ ನೆಚ್ಚಿಕೊಂಡಿತು. ಸೆಲ್ಲು ಸತ್ತರೆ ಕ್ಯಾಮೆರಾ ಸತ್ತಂತೆ. ವಿದೇಶಿ ಸಾಮಾನಿನ ಆಮದಿಗೆ ಬಿಗಿಯಾದ ಕಟ್ಟುಪಾಡುಗಳಿದ್ದ ಆ ದಶಕಗಳಲ್ಲಿ, ಬರಗೂರಿನಂತಹ ಊರಿಗೆ ಮದುವೆಯ ಫೋಟೊ ತೆಗೆಯಲು ಬಸ್ಸಿನಲ್ಲಿ ಬರುತ್ತಿದ್ದವನಿಗೆ ಇದು ಸಣ್ಣ ವಿಷಯವಾಗಿರಲಿಲ್ಲ. ಮುಹೂರ್ತವು ಸೆಲ್ಲಿಗಾಗಿ ಕಾಯುವುದಿಲ್ಲ.

ಆದರೂ ಯಂತ್ರಕ್ಯಾಮೆರಾವನ್ನು ಆರಿಸಿಕೊಂಡದ್ದಕ್ಕೆ ಕೇವಲ ಅನುಕೂಲವೊಂದೇ ಕಾರಣವಲ್ಲ. ಕ್ಯಾಮೆರಾದೊಳಗಿನ ಮೀಟರು ಅಳೆಯುವುದು ವಸ್ತುವಿನಿಂದ ಹಿಂದಿರುಗುವ ಬೆಳಕನ್ನು. ಲೋಕದಲ್ಲಿರುವುದೆಲ್ಲ ಸರಾಸರಿಯಲ್ಲಿ ನಡುಬೂದು ಬಣ್ಣದ್ದು ಎಂದು ಅದು ನಂಬಿರುತ್ತದೆ. ಮಧುಗಿರಿಯ ಕರಿಯ ಏಕಶಿಲಾಬೆಟ್ಟವನ್ನು ತೋರಿಸಿದರೆ, ಇದು ಬೂದಾಗಿರಬೇಕಾಗಿತ್ತು ಎಂದು ಭಾವಿಸಿ ಹೆಚ್ಚು ಬೆಳಕನ್ನು ಕೇಳುತ್ತದೆ, ಬೆಟ್ಟ ಬಿಳಚಿಕೊಳ್ಳುತ್ತದೆ. ಸುಣ್ಣ ಬಳಿದ ಗೋಡೆಯನ್ನು ತೋರಿಸಿದರೆ ಬೆಳಕು ಸಾಕೆನ್ನುತ್ತದೆ. ಗೋಡೆ ಕೊಳೆಯಾಗಿ ಕಾಣುತ್ತದೆ. ಸುಣ್ಣದ ಗೋಡೆಯ ಮುಂದೆ, ಬಿಳಿಯ ರುಮಾಲು ಬಿಳಿಯ ಪಂಚೆಯಲ್ಲಿ ನಿಂತ ಕಪ್ಪು ಮೈಬಣ್ಣದ ರೈತನೊಬ್ಬನನ್ನು ಊಹಿಸಿಕೊಳ್ಳೋಣ. ಮೀಟರು ಬಿಳುಪಿನ ಮಾತು ಕೇಳಿ ರಂಧ್ರವನ್ನು ಕಿರಿದಾಗಿಸಿದರೆ ಬಟ್ಟೆಯ ನೆರಿಗೆಗಳು ಉಳಿಯುತ್ತವೆ, ಮನುಷ್ಯನ ಮುಖ ಕತ್ತಲಲ್ಲಿ ಮುಳುಗುತ್ತದೆ. ನಮ್ಮ ಚರ್ಚುಗಳ ಮೆಟ್ಟಿಲ ಮೇಲೆ ಬಿಳಿಯ ಉಡುಪಿನ ಮದುಮಗಳೂ ಕರಿಯ ಕೋಟಿನ ಮದುಮಗನೂ ಜೊತೆಯಾಗಿ ನಿಂತಾಗ ಇದೇ ತೊಡಕು ಇಮ್ಮಡಿಯಾಗುತ್ತಿತ್ತು. ಪಳಗಿದ ಛಾಯಾಗ್ರಾಹಕರು ಇದನ್ನು ಬಲ್ಲರು. ಮೀಟರಿನ ಮಾತನ್ನು ತಿದ್ದಿಕೊಳ್ಳುತ್ತಿದ್ದರು.

ನೆರಳು ನೋಡಿ ಅಳೆಯುವವನ ಕ್ರಮವೇ ಬೇರೆ. ಅವನು ಕೇಳುವ ಪ್ರಶ್ನೆ ಒಂದೇ: ಇಲ್ಲಿ ಎಷ್ಟು ಬೆಳಕು ಬೀಳುತ್ತಿದೆ? ಬಿಸಿಲು ಕರಿಯ ಮುಖದ ಮೇಲೂ ಬಿಳಿಯ ಪಂಚೆಯ ಮೇಲೂ ಒಂದೇ ಸಮನೆ ಬೀಳುತ್ತದೆ. ಆ ಬೀಳುವ ಬೆಳಕಿಗೆ ತಕ್ಕಂತೆ ರಂಧ್ರವನ್ನು ಹೊಂದಿಸಿದರೆ ಕಪ್ಪು ಕಪ್ಪಾಗಿಯೇ, ಬಿಳುಪು ಬಿಳುಪಾಗಿಯೇ ಉಳಿಯುತ್ತದೆ. ಯಾರನ್ನೂ ಸರಾಸರಿಗೆ ಎಳೆಯಬೇಕಾಗಿಲ್ಲ. ಒಂದು ರೋಲಿಗೆ 12 ಚಿತ್ರಗಳಿದ್ದ ಕಾಲದಲ್ಲಿ, ಒಂದು ಬಡ ಕುಟುಂಬದ ಹಿರಿಯನಿಗೆ ಆಯುಷ್ಯದಲ್ಲಿ ಒಂದೇ ಒಂದು ಭಾವಚಿತ್ರ ಇದ್ದದ್ದು ಅಪರೂಪವಲ್ಲ. ಅದರಲ್ಲಿ ಮುಖ ಕಳೆದುಹೋದರೆ ಮೊಮ್ಮಕ್ಕಳಿಗೆ ಅಜ್ಜನೇ ಕಳೆದುಹೋದಂತೆ. ಎಫ್ 11ಕ್ಕೂ ಎಫ್ 8ಕ್ಕೂ ನಡುವೆ ತಡವರಿಸುತ್ತಿದ್ದ ಬೆರಳಿನ ಮೇಲೆ ಅಂತಹ ಹೊಣೆಯಿತ್ತು.

ಹೀಗೆಂದು ಮಾಪಕವನ್ನು ಹಳಿಯುವುದು ನ್ಯಾಯವಲ್ಲ. ಮುಸ್ಸಂಜೆಯಲ್ಲಿ, ದೀಪದ ಬೆಳಕಿನಲ್ಲಿ ಮನುಷ್ಯನ ಕಣ್ಣು ಮೋಸಹೋಗುತ್ತದೆ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಮಬ್ಬೂ ಬೆಳಕಾಗಿ ತೋರುತ್ತದೆ. ನೆಗೆಟಿವ್ ಫಿಲ್ಮು ಸಣ್ಣಪುಟ್ಟ ತಪ್ಪನ್ನು ಸಹಿಸಿಕೊಂಡರೂ ಬಣ್ಣದ ಪಾರದರ್ಶಿಕೆ ಸಹಿಸುವುದಿಲ್ಲ. ಮೈಸೂರಿನಲ್ಲಿ 1923ರಲ್ಲಿ ಜನಿಸಿ, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೆನಿಸಿದ ವಿ.ಕೆ. ಮೂರ್ತಿಯವರು ದುಡಿದ ಚಲನಚಿತ್ರರಂಗದಲ್ಲಿ ಬಿಳಿಯ ಗುಮ್ಮಟವಿರುವ ಕೈಮಾಪಕವೊಂದು ರೂಢಿಯಲ್ಲಿತ್ತು. ಅದನ್ನು ನಟರ ಮುಖದ ಬಳಿ ಹಿಡಿದು, ಬೀಳುವ ಬೆಳಕನ್ನೇ ಅಳೆಯುತ್ತಿದ್ದರು. ನೆರಳಿನ ಲೆಕ್ಕದವನ ವಿವೇಕವೇ ಅಲ್ಲಿ ಯಂತ್ರದ ರೂಪ ತಳೆದಿತ್ತು. 1959ರ 'ಕಾಗಜ್ ಕೇ ಫೂಲ್' ಚಿತ್ರದಲ್ಲಿ ಮೂರ್ತಿಯವರು ಕನ್ನಡಿಗಳಿಂದ ಸೂರ್ಯನ ಬೆಳಕನ್ನೇ ಸ್ಟುಡಿಯೊದೊಳಗೆ ಹಾಯಿಸಿದ ಪ್ರಸಂಗ ಪ್ರಸಿದ್ಧವಾದದ್ದು. ಉಪಕರಣ ಯಾವುದೇ ಇರಲಿ, ಬೆಳಕನ್ನು ಬಲ್ಲವನಿಗೆ ಅದು ಸೇವಕ.

ಕಾಲವು ಇನ್ನೊಂದು ತೀರ್ಪನ್ನೂ ಕೊಟ್ಟಿದೆ. 1960-70ರ ದಶಕದ ಬಹಳಷ್ಟು ಮೀಟರುಗಳು ಕೊನೆಯವರೆಗೂ 1.35 ವೋಲ್ಟ್ ಬಿಡದೆ ಕೊಡುತ್ತಿದ್ದ ಪಾದರಸದ ಸೆಲ್ಲುಗಳಿಗಾಗಿ ರೂಪುಗೊಂಡವು. ಪಾದರಸವು ನೀರಿಗೂ ಜೀವಿಗಳಿಗೂ ವಿಷವೆಂದು ಅಮೆರಿಕದ 1996ರ ಕಾಯಿದೆ ಅವುಗಳನ್ನು ನಿಷೇಧಿಸಿತು. ಇತರ ದೇಶಗಳೂ ಕೈಬಿಟ್ಟವು. ಅದು ಸರಿಯಾದ ನಿರ್ಧಾರವೇ. ಆದರೆ ಬೇರೆ ಸೆಲ್ಲು ಹಾಕಿದ ಆ ಮೀಟರುಗಳು ಇಂದು ತಪ್ಪು ಲೆಕ್ಕ ಹೇಳುತ್ತವೆ. ಅದೇ ಕಾಲದ ಮೀಟರಿಲ್ಲದ ಕ್ಯಾಮೆರಾಗಳು, ಒಣಗಿದ ಎಣ್ಣೆಯನ್ನು ತೆಗೆದು ಶುಚಿಮಾಡಿದರೆ, ಇಂದಿಗೂ ನಡೆಯುತ್ತವೆ. 1982ರ ನಿಕಾನ್ ಎಫ್ಎಂ2 ನಡುದಾರಿ ಹಿಡಿದಿತ್ತು: ಅದರಲ್ಲಿ ಮೀಟರಿಗೆ ಸೆಲ್ಲು ಬೇಕು, ಶಟರಿಗೆ ಬೇಡ. ಡಿಜಿಟಲ್ ಯುಗದ ನಡುವೆಯೇ, 2014ರಲ್ಲಿ, ಲೈಕಾ ಸಂಸ್ಥೆ ಎಂ-ಎ ಹೆಸರಿನಲ್ಲಿ ಮೀಟರೂ ಸೆಲ್ಲೂ ಇಲ್ಲದ ಹೊಸ ಫಿಲ್ಮ್ ಕ್ಯಾಮೆರಾವನ್ನು ಬಿಡುಗಡೆ ಮಾಡಿತು. ಅದರ ಬೆಲೆ ಹಳ್ಳಿಯ ಛಾಯಾಗ್ರಾಹಕನ ಕನಸಿಗೂ ನಿಲುಕದ್ದು. ಅದು ಬೇಡುವ ವಿದ್ಯೆ ಮಾತ್ರ ಅವನದೇ.

ಉದಕಮಂಡಲದ ಫಿಲ್ಮ್ ಕಾರ್ಖಾನೆ ಈಗ ನಿಂತುಹೋಗಿದೆ. ಬಿಸಿಲಿನ ಲೆಕ್ಕವೂ ಬದಲಾಗಿದೆ. ಬರಗೂರಿನ ನೆರೆಯ ಪಾವಗಡದಲ್ಲಿ 2018ರಲ್ಲಿ ಆರಂಭವಾದ ಸೌರ ಉದ್ಯಾನವು ಸುಮಾರು 13,000 ಎಕರೆಯಲ್ಲಿ ಹರಡಿ, 2,050 ಮೆಗಾವ್ಯಾಟ್ ಸಾಮರ್ಥ್ಯ ಹೊಂದಿದೆ. ಬೆಳೆಯನ್ನು ಸುಡುತ್ತಿದ್ದ ಬಿಸಿಲನ್ನು ಅಲ್ಲಿ ಉಪಕರಣಗಳು ದಿನವಿಡೀ ಅಳೆಯುತ್ತವೆ. ಅದೇ ಬಿಸಿಲನ್ನು ಒಂದು ಕಾಲದಲ್ಲಿ ಅಂಗಳದ ನೆಲದ ಮೇಲೆ ಬಿದ್ದ ನೆರಳಿನ ಅಂಚಿನಲ್ಲಿ ಓದಿ, ಮುಖವೊಂದನ್ನು ಕಾಲದಿಂದ ಉಳಿಸಿಕೊಟ್ಟವರಿದ್ದರು. ಅವರ ಹೆಸರುಗಳು ಬಹುಪಾಲು ದಾಖಲಾಗಿಲ್ಲ. ಮನೆಯ ಟ್ರಂಕಿನಲ್ಲಿ ಹಳೆಯ ನೆಗೆಟಿವ್‌ಗಳಿದ್ದರೆ ದಯಮಾಡಿ ಎಸೆಯಬೇಡಿ. ತೇವವಿಲ್ಲದ ಕಡೆ, ಕಾಗದದ ಲಕೋಟೆಯಲ್ಲಿ ಇಡಿ. ಚಿತ್ರದ ಹಿಂದೆ ಸ್ಟುಡಿಯೊದ ಮುದ್ರೆ ಇದ್ದರೆ ಅದನ್ನೂ ಬರೆದಿಡಿ. ಅಜ್ಜನ ಮುಖದ ಜೊತೆಗೆ, ಆ ಮುಖವನ್ನು ಸರಾಸರಿಗೆ ಒಪ್ಪಿಸದೆ ಇದ್ದಂತೆಯೇ ಕಂಡ ಒಂದು ಕಣ್ಣಿನ ಗುರುತೂ ಅಲ್ಲಿ ಉಳಿದಿದೆ.