ವಾರ್ತಾಚಿತ್ರ: ಕರ್ನಾಟಕದಲ್ಲಿ ಮತ್ತು ಕೃಷ್ಣಾ ತೀರದ ಗಡಿಸೀಮೆಯಲ್ಲಿ

ಚಿತ್ರಮಂದಿರದಲ್ಲಿ ಮುಖ್ಯ ಸಿನಿಮಾಕ್ಕೆ ಮೊದಲು ತೋರಿಸುತ್ತಿದ್ದ ಕಿರು ಸುದ್ದಿಸುರುಳಿಗೆ ವಾರ್ತಾಚಿತ್ರ ಎನ್ನುತ್ತಾರೆ. ಜನರ ಬಾಯಲ್ಲಿ ಅದು ನ್ಯೂಸ್‌ರೀಲ್. ಟಿವಿ ಬರುವ ಮುಂಚೆ ಅರಸರ ಸವಾರಿ, ನಾಯಕರ ಸಭೆ, ಅಣೆಕಟ್ಟೆಯ ಉದ್ಘಾಟನೆ, ನೆರೆ, ಕ್ರಿಕೆಟ್ ಪಂದ್ಯ ಇವೆಲ್ಲ ಚಲಿಸುವ ಚಿತ್ರಗಳಾಗಿ ಜನಕ್ಕೆ ಕಂಡದ್ದು ಇದರಲ್ಲೇ. ಕೃಷ್ಣಾ ತೀರದ ಗಡಿಸೀಮೆಯಲ್ಲಿರುವ ಅಥಣಿ ತಾಲ್ಲೂಕಿನ ಸತ್ತಿ ಹಾಗೂ ಸುತ್ತಲಿನ ಚಿಕ್ಕೋಡಿ, ನಿಪ್ಪಾಣಿ, ಕಾಗವಾಡ ಭಾಗ 1956ರ ತನಕ ಮುಂಬಯಿ ಆಡಳಿತಕ್ಕೆ ಸೇರಿತ್ತು. ರಾಯಬಾಗವಂತೂ ಕೊಲ್ಹಾಪುರ ಸಂಸ್ಥಾನದ ಊರಾಗಿತ್ತು. ಆ ಸಂಸ್ಥಾನ ವಿಲೀನವಾದದ್ದು 1949ರಲ್ಲಿ. ಹೀಗಾಗಿ ಈ ಸೀಮೆಯ ವಾರ್ತಾಚಿತ್ರದ ಇತಿಹಾಸವನ್ನು ಮೈಸೂರಿನಿಂದಲ್ಲ, ಮುಂಬಯಿ ಮತ್ತು ಕೊಲ್ಹಾಪುರಗಳಿಂದ ಆರಂಭಿಸಬೇಕು.

ಚಲನಚಿತ್ರ ಕ್ಯಾಮೆರಾ ಹುಟ್ಟಿದ ಕೆಲವೇ ವರ್ಷಗಳಲ್ಲಿ ಅರಮನೆಗಳ ಬಾಗಿಲಿಗೆ ಹೋಗಿ ನಿಂತಿತು. 1896ರಲ್ಲಿ ರಷ್ಯದ ಝಾರ್ ಎರಡನೇ ನಿಕೋಲಸ್‌ನ ಪಟ್ಟಾಭಿಷೇಕ, 1898ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ರಾಣಿ ವಿಲ್ಹೆಲ್ಮಿನಾ ಅಧಿಕಾರ ವಹಿಸಿಕೊಂಡ ಸಮಾರಂಭ ಚಿತ್ರೀಕರಣಗೊಂಡವು. ಭಾರತದ ಮೊದಲ ವಾರ್ತಾಚಿತ್ರದಲ್ಲಿ ಮಾತ್ರ ಅರಸನಿಲ್ಲ, ಒಬ್ಬ ವಿದ್ಯಾವಂತನಿದ್ದಾನೆ. ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದ ರ‍್ಯಾಂಗ್ಲರ್ ಪರಾಂಜಪೆ 1901ರಲ್ಲಿ ಮುಂಬಯಿಗೆ ಮರಳಿದಾಗ ಅವರಿಗೆ ಸಿಕ್ಕ ಸ್ವಾಗತವನ್ನು ಸಾವೇ ದಾದಾ ಎಂದೇ ಹೆಸರಾದ ಹರಿಶ್ಚಂದ್ರ ಸಖಾರಾಮ ಭಾಟವಡೇಕರ್ ಸೆರೆಹಿಡಿದರು. ಈ ಆರಂಭದ ಬಗ್ಗೆ ನಾವು ಹೆಮ್ಮೆಪಡಬೇಕು.

ಅರಸರ ಚಿತ್ರೀಕರಣದ ದೊಡ್ಡ ಸಂದರ್ಭ 1911ರ ಡಿಸೆಂಬರ್ 12ರ ದೆಹಲಿ ದರ್ಬಾರು. ಚಕ್ರವರ್ತಿ ಐದನೇ ಜಾರ್ಜ್ ಮುಂದೆ ಹೈದರಾಬಾದಿನ ನಿಜಾಮ, ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ್ ಮೊದಲಾದವರು ವಂದಿಸಿದರು. ಬರೋಡೆಯ ಸಯಾಜಿರಾವ್ ಗಾಯಕವಾಡರು ಒಮ್ಮೆ ತಲೆಬಾಗಿ, ನಿಯಮದಂತೆ ಹಿಂದೆ ಹಿಂದೆ ಸರಿಯದೆ, ಚಕ್ರವರ್ತಿಗೆ ಬೆನ್ನು ತಿರುಗಿಸಿ ನಡೆದರೆಂದು ಬ್ರಿಟಿಷ್ ಪತ್ರಿಕೆಗಳು ಕೆರಳಿದವು. ಆ ಗಳಿಗೆ ಚಿತ್ರಸುರುಳಿಯಲ್ಲಿ ದಾಖಲಾಗಿತ್ತು. ಅದು ಅವಮಾನವೋ ಅಲ್ಲವೋ ಎಂದು ತಾವೇ ತೀರ್ಮಾನಿಸಲು ಲಂಡನ್ನಿನ ಜನ ಚಿತ್ರಮಂದಿರಗಳಿಗೆ ನುಗ್ಗಿದರು. ಚಿತ್ರ ನಿರ್ಮಾಪಕ ಚಾರ್ಲ್ಸ್ ಅರ್ಬನ್ 1912ರಲ್ಲಿ ಇದೇ ದರ್ಬಾರನ್ನು ಕೈನೆಮಾಕಲರ್ ವಿಧಾನದಲ್ಲಿ ಬಣ್ಣದಲ್ಲೂ ತೋರಿಸಿದ. ಸಾಮ್ರಾಜ್ಯದ ವೈಭವ ಸಾರಲು ಇಟ್ಟ ಕ್ಯಾಮೆರಾ, ಒಬ್ಬ ದೇಶೀ ಅರಸನ ನಡಿಗೆಯಲ್ಲಿದ್ದ ಬಿಗುವನ್ನೂ ಹಿಡಿದಿಟ್ಟಿತು. ವಾರ್ತಾಚಿತ್ರದ ಬೆಲೆ ಇರುವುದು ಇಂಥ, ಯಾರೂ ಹೇಳಿ ತೆಗೆಸದ ತುಣುಕುಗಳಲ್ಲಿ.

ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರ ಬೆಂಬಲದಿಂದ ಬಾಬೂರಾವ್ ಪೇಂಟರ್ ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿದರು. ಕ್ಯಾಮೆರಾವನ್ನೂ ಊರಲ್ಲೇ ತಯಾರಿಸಿದರು. ಅಲ್ಲಿ ಪಳಗಿದವರಲ್ಲಿ ವಿ. ಶಾಂತಾರಾಮ್ ಒಬ್ಬರು. ಅದಕ್ಕೂ ಮೊದಲು ಅವರು ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿದು, ಸಂಜೆ ಅಲ್ಲಿನ ಚಿತ್ರಮಂದಿರದ ಬಾಗಿಲು ಕಾಯುತ್ತಿದ್ದ ಹುಡುಗ. 1929ರಲ್ಲಿ ಗೆಳೆಯರೊಡನೆ ಕೊಲ್ಹಾಪುರದಲ್ಲಿ ಪ್ರಭಾತ್ ಕಂಪನಿ ಆರಂಭಿಸಿದ ಇವರೇ ಎರಡನೇ ಮಹಾಯುದ್ಧದ ಹೊತ್ತಿಗೆ ಸರ್ಕಾರದ ಫಿಲ್ಮ್ ಅಡ್ವೈಸರಿ ಬೋರ್ಡಿನ ಮುಖ್ಯ ನಿರ್ಮಾಪಕರಾದರು.

1943ರಲ್ಲಿ ಆ ಮಂಡಳಿಯ ಜಾಗದಲ್ಲಿ ಇನ್ಫರ್ಮೇಷನ್ ಫಿಲ್ಮ್ಸ್ ಆಫ್ ಇಂಡಿಯಾ ಮತ್ತು ಇಂಡಿಯನ್ ನ್ಯೂಸ್ ಪರೇಡ್ ಎಂಬ ಸರ್ಕಾರಿ ಘಟಕಗಳು ಬಂದವು. ಪ್ರತಿ ಆಟದಲ್ಲೂ ಸರ್ಕಾರ ಒಪ್ಪಿದ ಚಿತ್ರಗಳನ್ನು 2,000 ಅಡಿಯವರೆಗೆ, ಅಂದರೆ ಸುಮಾರು 22 ನಿಮಿಷ, ತೋರಿಸಲೇಬೇಕೆಂದು ಭಾರತ ರಕ್ಷಣಾ ನಿಯಮ ವಿಧಿಸಿತು. ಯುದ್ಧ ಪ್ರಚಾರದ ಈ ಸುರುಳಿಗಳನ್ನು ರಾಷ್ಟ್ರೀಯವಾದಿಗಳು ಸಹಿಸಲಿಲ್ಲ. 1946ರಲ್ಲಿ ಕೇಂದ್ರ ಶಾಸನಸಭೆ ಅನುದಾನ ಕತ್ತರಿಸಿತು, ಘಟಕಗಳು ಮುಚ್ಚಿದವು. ಕೋಪ ನ್ಯಾಯವಾದದ್ದೇ, ಆದರೆ ನಷ್ಟ ದೊಡ್ಡದು: 1947ರ ಆಗಸ್ಟ್ ನಡುರಾತ್ರಿ ಸ್ವಾತಂತ್ರ್ಯ ಬಂದಾಗ ಚಿತ್ರೀಕರಿಸಲು ಸರ್ಕಾರದ ವಾರ್ತಾಚಿತ್ರ ಘಟಕವೇ ಇರಲಿಲ್ಲ. ಇಂದು ನಾವು ನೋಡುವ ಆ ರಾತ್ರಿಯ ದೃಶ್ಯಗಳನ್ನು ಖಾಸಗಿಯವರೂ ವಿದೇಶಿ ಕಂಪನಿಗಳೂ ತೆಗೆದವು. 1948ರಲ್ಲಿ ಫಿಲ್ಮ್ಸ್ ಡಿವಿಜನ್ ಸ್ಥಾಪನೆಯಾಯಿತು. ಅದು ಇಂಡಿಯನ್ ನ್ಯೂಸ್ ರಿವ್ಯೂ ಸುರುಳಿಗಳನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳ ನಿರೂಪಣೆಯೊಂದಿಗೆ ಹಂಚಿತು.

ಇತ್ತ ಮೈಸೂರು ಸಂಸ್ಥಾನ ಕ್ಯಾಮೆರಾಗಳಿಗೆ ಅಚ್ಚುಮೆಚ್ಚಿನ ತಾಣವಾಗಿತ್ತು. 1935ರಲ್ಲಿ ‘ಎಲಿಫೆಂಟ್ ಬಾಯ್’ ತೆಗೆಯಲು ಬಂದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಗೆ ಅರಮನೆಯ ನೆರವು ಸಿಕ್ಕಿತು. ಕಾರಾಪುರದ ಮಾವುತನ ಮಗ ಸಾಬು ಲೋಕಪ್ರಸಿದ್ಧನಾದ. ಅದು ಕಥಾಚಿತ್ರ, ಆದರೂ ಅದರಲ್ಲಿರುವ ಆನೆಗಳ ಹಿಂಡು ಇಂದು ದಾಖಲೆಯೇ ಆಗಿದೆ, ಏಕೆಂದರೆ ಕಾಡಾನೆ ಹಿಡಿಯುವ ಖೆಡ್ಡಾ ನಿಂತೇ ಐವತ್ತು ವರ್ಷ ದಾಟಿತು. ಜಂಬೂಸವಾರಿಯ ಹಳೆಯ ಸುರುಳಿಗಳಲ್ಲಿ ಚಾಮುಂಡೇಶ್ವರಿಯ ವಿಗ್ರಹವಲ್ಲ, ಸ್ವತಃ ಮಹಾರಾಜರು ಅಂಬಾರಿಯಲ್ಲಿ ಕೂತಿರುತ್ತಾರೆ. 1961ರಲ್ಲಿ ಎರಡನೇ ಎಲಿಜಬೆತ್ ರಾಣಿ ಬೆಂಗಳೂರಿಗೆ ಬಂದಾಗ ಎದುರುಗೊಂಡ ಜಯಚಾಮರಾಜ ಒಡೆಯರ್ ಆಗ ಅರಸರಲ್ಲ, ರಾಜ್ಯಪಾಲರು.

ಹಳೆಯ ಚಿತ್ರಸುರುಳಿಗಳ ಆಯುಷ್ಯ ಕಡಿಮೆ. 1950ರ ದಶಕದ ಆರಂಭದವರೆಗೆ ಬಳಸುತ್ತಿದ್ದ ನೈಟ್ರೇಟ್ ಫಿಲ್ಮ್ ತಾನಾಗಿಯೇ ಕೊಳೆಯುತ್ತದೆ, ಥಟ್ಟನೆ ಹೊತ್ತಿಕೊಳ್ಳುತ್ತದೆ. 1933ರಲ್ಲಿ ಪುಣೆಗೆ ಸ್ಥಳಾಂತರಗೊಂಡ ಪ್ರಭಾತ್ ಸ್ಟುಡಿಯೋದ ಆವರಣದಲ್ಲೇ ಮುಂದೆ ಫಿಲ್ಮ್ ಇನ್‌ಸ್ಟಿಟ್ಯೂಟ್ ಬಂತು. ಅಲ್ಲಿ ಇರಿಸಿದ್ದ ರಾಷ್ಟ್ರೀಯ ಚಲನಚಿತ್ರ ಭಂಡಾರದ ನೈಟ್ರೇಟ್ ಸುರುಳಿಗಳು 2003ರ ಜನವರಿಯಲ್ಲಿ ಬೆಂಕಿಗೆ ಆಹುತಿಯಾದವು. ಇದಕ್ಕೆ ಹೋಲಿಸಿದರೆ ನೆದರ್ಲೆಂಡ್ಸ್ ತನ್ನ ಪಾಲಿಗೂನ್ ಕಂಪನಿಯ ವಾರ್ತಾಚಿತ್ರಗಳನ್ನು ಹಿಲ್ವರ್ಸಮ್‌ನ ಭಂಡಾರದಲ್ಲಿ ಕಾಪಾಡಿ, ಅನೇಕವನ್ನು ಯಾರು ಬೇಕಾದರೂ ಬಳಸುವಂತೆ ಬಿಟ್ಟುಕೊಟ್ಟಿದೆ. ನಮ್ಮಲ್ಲೂ ಆಗಲೇಬೇಕಾದ ಕೆಲಸವಿದು. 2022ರಲ್ಲಿ ಫಿಲ್ಮ್ಸ್ ಡಿವಿಜನ್ ಮತ್ತು ಪುಣೆಯ ಭಂಡಾರ ಎರಡೂ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಂಡಿವೆ. ಗಡಿಸೀಮೆ ಆಗ ಮುಂಬಯಿ, ಕೊಲ್ಹಾಪುರಗಳ ಆಡಳಿತದಲ್ಲಿದ್ದುದರಿಂದ ಸತ್ತಿ, ಅಥಣಿ, ರಾಯಬಾಗದ ಸಂಶೋಧಕರು ತಮ್ಮ ಸೀಮೆಯ ದೃಶ್ಯಗಳನ್ನು ಹುಡುಕುವುದಾದರೆ ಬೆಂಗಳೂರಿಗಿಂತ ಮೊದಲು ಮುಂಬಯಿ, ಪುಣೆಗಳ ಪಟ್ಟಿಗಳನ್ನು ನೋಡಬೇಕು. ಮೈಸೂರು ಎಂಬ ಹೆಸರಿನಡಿಯಲ್ಲಲ್ಲ, ಮುಂಬಯಿ ಪ್ರಾಂತ ಮತ್ತು ಕೊಲ್ಹಾಪುರ ಸಂಸ್ಥಾನದ ಹೆಸರಿನಡಿಯಲ್ಲಿ.