ಕೊಯ್ದ ಮೂಗು ಬಂದೀತೆ?

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ ಎಂಬ ಗಾದೆ ನಮ್ಮಲ್ಲಿ ಮನೆಮಾತು. ಬಾರದು ಎಂಬುದೇ ಅದರ ಇಂಗಿತ. ಆದರೆ ಮೈಸೂರು ಸೀಮೆಯ ಯುದ್ಧದಲ್ಲಿ ಕೊಯ್ದ ಮೂಗೊಂದು ಮರಳಿ ಬಂದುದುಂಟು. ಮುಖದ ತಗ್ಗುಗಳನ್ನು ಸೂಜಿಯಿಂದ ತುಂಬುವ ಇಂದಿನ ವೈದ್ಯಕ್ಕೂ ಆ ಮೂಗಿಗೂ ಒಂದು ನಂಟಿದೆ.

1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಬೆಂಗಳೂರಿನಿಂದ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಹೊರಟನು. ನೇರವಾದ ಚನ್ನಪಟ್ಟಣದ ಹಾದಿಯಲ್ಲಿ ಟೀಪುವಿನ ಕಡೆಯವರು ಮೇವು ಧಾನ್ಯಗಳನ್ನು ಉಳಿಸಿರಲಿಲ್ಲ. ಆದುದರಿಂದ ದಂಡು ಕಾನಕಾನಹಳ್ಳಿಯ, ಎಂದರೆ ಈಗಿನ ಕನಕಪುರದ, ಕಾಡುದಾರಿಯನ್ನು ಹಿಡಿಯಿತು. ಎತ್ತುಗಳು ಹಸಿವಿನಿಂದ ಸಾಲುಸಾಲಾಗಿ ಸತ್ತವು. ಭಾರಿ ಫಿರಂಗಿಗಳನ್ನು ತಾನೇ ಕೆಡಿಸಿ ಹಿಂದಿರುಗಬೇಕಾಯಿತು. ಡಿಸೆಂಬರಿನಲ್ಲಿ ಮಾಗಡಿಯ ಸಾವನದುರ್ಗವೂ ಅದರ ಬೆನ್ನಿಗೇ ರಾಮಗಿರಿಯೂ ಬಿದ್ದ ಮೇಲೆ ದಾರಿ ಸುಗಮವಾಯಿತು. ಇಂಥ ಯುದ್ಧದಲ್ಲಿ ಎತ್ತು ಹೊಡೆಯುವವನು ಸಿಪಾಯಿಗಿಂತ ಕಡಿಮೆಯವನಲ್ಲವಷ್ಟೆ. ಶತ್ರುವಿನ ಕೈಗೆ ಸಿಕ್ಕರೆ ಅವನಿಗೆ ಆಗುವ ಶಿಕ್ಷೆಯೂ ಕಡಿಮೆಯದಲ್ಲ.

ಇಂಗ್ಲೀಷರ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬ ಮರಾಠ ರೈತನು ಟೀಪುವಿನ ಸೆರೆಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. (ಈ ಶಿಕ್ಷೆ ಟೀಪುವಿನಿಂದ ಮೊದಲಾದುದಲ್ಲ. 17ನೆಯ ಶತಮಾನದಲ್ಲಿ ಮೈಸೂರಿಗೂ ಮಧುರೆಗೂ ನಡೆದ ಕಾಳಗವನ್ನು ತಮಿಳರು ಮೂಗು ಕೊಯ್ದ ಯುದ್ಧವೆಂದೇ ನೆನೆಯುತ್ತಾರೆ.) ವರ್ಷಕ್ಕೂ ಮೇಲ್ಪಟ್ಟು ಮೂಗಿಲ್ಲದೆ ಬಾಳಿದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಅವನಿಗೆ ಹೊಸ ಮೂಗು ಮಾಡಿಕೊಟ್ಟನು. ಅವನು ತೆಳುವಾದ ಮೇಣದ ಹಾಳೆಯಿಂದ ಮೂಗಿನ ಆಕಾರ ಮಾಡಿ, ಅದನ್ನು ಚಪ್ಪಟೆಯಾಗಿಸಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದನು. ಗೆರೆಯಂತೆ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಮಾತ್ರ ಒಂದು ಕಿರುಪಟ್ಟಿಯನ್ನು ಕೊಯ್ಯದೆ ಉಳಿಸಿ, ಚರ್ಮವನ್ನು ಕೆಳಕ್ಕೆ ಹೊರಳಿಸಿ ಮೂಗಿನ ಜಾಗಕ್ಕೆ ಕೂಡಿಸಿದನು. ಸುಮಾರು 25 ದಿನಗಳಾಗಿ ಮೂಗು ಹತ್ತಿಕೊಂಡ ಮೇಲೆ ಪಟ್ಟಿಯನ್ನು ಕತ್ತರಿಸಲಾಯಿತು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಈ ವೃತ್ತಾಂತವನ್ನು ಚಿತ್ರಸಹಿತ ಅಚ್ಚುಹಾಕಿತು. ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಲಂಡನ್ನಿನಲ್ಲಿ ಇದೇ ಕ್ರಮವನ್ನು ನಡೆಸಿದನು.

ಸುಶ್ರುತನು ಮೂಗಿಗೆ ಕೆನ್ನೆಯ ಚರ್ಮವನ್ನು ಹೇಳಿದ್ದಾನೆ. ಪುಣೆಯವನು ಹಣೆಯನ್ನು ಆರಿಸಿದ. ಆ ಕಿರುಪಟ್ಟಿಯೊಳಗೆ ಕಣ್ಣಿನ ಗೂಡಿನಿಂದ ಹಣೆಗೇರುವ ರಕ್ತನಾಳ ಹರಿಯುತ್ತದೆ. ಹೊಸ ಮೂಗು ಜೀವ ಹಿಡಿದುದು ಅದರಿಂದಲೇ. ಮುಖದ ಯಾವ ಜಾಗಕ್ಕೆ ಯಾವ ವಸ್ತು ಎಂಬುದೇ ಈ ವಿದ್ಯೆಯ ತಿರುಳು.

ಕೊಯ್ಯದೆ ಬರಿಯ ಸೂಜಿಯಿಂದ ಊನವನ್ನು ತುಂಬಬೇಕೆಂಬ ಆಸೆ ಆಮೇಲಿನದು. ವಿಯೆನ್ನಾದ ಗೆರ್ಸುನಿ 1899ರಲ್ಲಿ ಪ್ಯಾರಾಫಿನ್ ಚುಚ್ಚಿದನು. ಅದು ಜಾರಿ, ಗಂಟುಕಟ್ಟಿ ಎಷ್ಟೋ ಮುಖಗಳನ್ನು ಕೆಡಿಸಿತು. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಹಸುವಿನ ಕಣ್ಣಿನೊಳಗಣ ಲೋಳೆಯಿಂದ ಹೈಲುರಾನಿಕ್ ಆಮ್ಲವನ್ನು ಬೇರ್ಪಡಿಸಿದರು. ಹೆಸರಿನ ಮೊದಲ ಭಾಗ ಗಾಜೆಂಬರ್ಥದ ಗ್ರೀಕ್ ಪದದಿಂದ ಬಂದುದು. ನಮ್ಮ ಚರ್ಮದಲ್ಲೂ ಇರುವ ಈ ವಸ್ತು ನೀರನ್ನು ಹಿಡಿದಿಡುತ್ತದೆ. ಹಾಗೆಯೇ ಚುಚ್ಚಿದರೆ ಕೆಲವೇ ದಿನಗಳಲ್ಲಿ ಕರಗಿಹೋಗುತ್ತದೆ. ಅದರ ಎಳೆಗಳನ್ನು ಒಂದಕ್ಕೊಂದು ಹೆಣೆದರೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಹೀಗೆ ಹೆಣೆದ ಫಿಲ್ಲರನ್ನು ಅಮೆರಿಕ 2003ರಲ್ಲಿ ಅಂಗೀಕರಿಸಿತು.

ಹೆಣಿಗೆ ಹೆಚ್ಚಿದಷ್ಟೂ ಲೋಳೆ ಗಟ್ಟಿ. ಕೆನ್ನೆಯ ಎಲುಬಿನ ಮೇಲೆ ಮತ್ತು ಗಲ್ಲದಲ್ಲಿ ಭಾರ ಎತ್ತಬಲ್ಲ ಗಟ್ಟಿಯಾದದ್ದು ಬೇಕು. ಸದಾ ಆಡುವ ತುಟಿಗೆ ಮೆತುವಾದದ್ದೇ ಸರಿ. ಕಣ್ಣಿನ ಕೆಳಗೆ ಚರ್ಮ ತೀರ ತೆಳು. ಅಲ್ಲಿ ನೀರು ಹೆಚ್ಚು ಹೀರುವ ಫಿಲ್ಲರ್ ಹಾಕಿದರೆ ಬಾತು ನಿಲ್ಲುತ್ತದೆ. ಅಲ್ಲಿಗೆ ಅಳತೆಯೂ ಅತ್ಯಲ್ಪವಾಗಿರಬೇಕು.

ಎಲ್ಲಕ್ಕಿಂತ ಅಪಾಯದ ಜಾಗ ಮೂಗು ಮತ್ತು ಕುಂಕುಮವಿಡುವ ಹುಬ್ಬಿನ ನಡು. ಕಾವಸ್ಜಿಯ ಮೂಗನ್ನು ಬದುಕಿಸಿದ ನಾಳ ಇಲ್ಲಿಯದೇ. ಸೂಜಿ ತಪ್ಪಿ ಅದರೊಳಕ್ಕೆ ಫಿಲ್ಲರ್ ಹೊಕ್ಕರೆ, ಬಂದ ಹಾದಿಯಲ್ಲೇ ಹಿಂದಕ್ಕೆ ಒತ್ತಿ ಕಣ್ಣಿನ ನಾಳವನ್ನು ಮುಚ್ಚಬಹುದು. ಚರ್ಮ ಬಿಳಿಚಿಕೊಂಡು ನೋವೆದ್ದ ಕೂಡಲೇ ಹೈಲುರಾನಿಡೇಸ್ ಎಂಬ ಕಿಣ್ವ ಚುಚ್ಚಿ ಫಿಲ್ಲರನ್ನು ಕರಗಿಸಬಹುದು. ಪ್ಯಾರಾಫಿನ್ನಿಗೆ ಆ ಗುಣವಿರಲಿಲ್ಲ. ಮದುವೆಗೆ ಮುಂಚೆ ಅಗ್ಗವಾಯಿತೆಂದು ಬ್ಯೂಟಿ ಪಾರ್ಲರಿನಲ್ಲಿ ಮುಖ ಒಡ್ಡುವವರು, ಚುಚ್ಚುವವರು ತರಬೇತಾದ ವೈದ್ಯರೇ, ಆ ಕಿಣ್ವ ಕೈಗೆಟುಕುವಲ್ಲಿದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಚರ್ಮವನ್ನು ಉಳಿಸಿಕೊಳ್ಳಲು ಕೆಲವು ಗಂಟೆಗಳಾದರೂ ಇರುತ್ತವೆ. ಕಣ್ಣಿಗೆ ಅಷ್ಟು ಹೊತ್ತೂ ಇಲ್ಲ. ಹಾಗೆ ಹೋದ ದೃಷ್ಟಿ ಮರಳುವುದು ಅಪರೂಪ.